ಗೀರು ಅಳಿಸಿದ ಬಂದೂಕು

ಒಂದು ಯಂತ್ರವನ್ನು ಚೆನ್ನಾಗಿ ಮಾಡುವುದಕ್ಕೆ ಕಾರ್ಖಾನೆ ಬೇಕೆಂಬುದು ಎಲ್ಲರೂ ಬಲ್ಲ ಮಾತು. ಚೆನ್ನಾಗಿರುವ ಯಂತ್ರವನ್ನು ಬೇಕೆಂದೇ ಕೀಳುಮಾಡುವುದಕ್ಕೂ ಕಾರ್ಖಾನೆ ದುಡಿದ ಪ್ರಸಂಗವೊಂದು ನಮ್ಮ ದೇಶದ ಚರಿತ್ರೆಯಲ್ಲಿದೆ. ಕಲ್ಕತ್ತೆಯ ಉತ್ತರಕ್ಕೆ, ಹೂಗ್ಲಿ ನದಿಯ ದಡದಲ್ಲಿ, ಈಶಾಪುರವೆಂಬ ಊರಿದೆ. ಅಲ್ಲಿಯ ಸರಕಾರಿ ರೈಫಲ್ ಕಾರ್ಖಾನೆ 1904ರಲ್ಲಿ ಸ್ಥಾಪಿತವಾದುದು. ಎರಡು ಮಹಾಯುದ್ಧಗಳಲ್ಲಿ ಭಾರತೀಯ ಸೈನಿಕನ ಹೆಗಲ ಮೇಲಿದ್ದ .303 ಲೀ-ಎನ್‌ಫೀಲ್ಡ್ ರೈಫಲನ್ನು ತಯಾರಿಸಿದ ಆ ಕಾರ್ಖಾನೆಯೇ, ಸ್ವಾತಂತ್ರ್ಯದ ಹಿಂದುಮುಂದಿನ ವರ್ಷಗಳಲ್ಲಿ, ಅದೇ ಜಾತಿಯ ರೈಫಲುಗಳನ್ನು ಕೈಗೆತ್ತಿಕೊಂಡು ಅವುಗಳ ಗುಣವನ್ನೇ ಬದಲಿಸಿತು. ನಳಿಗೆಯೊಳಗಿನ ಸುರುಳಿ ಗೀರುಗಳು ಹೋಗಿ ನಳಿಗೆ ನುಣುಪಾಯಿತು. ಒಳವ್ಯಾಸವು 7.7 ಮಿಲಿಮೀಟರಿನಿಂದ 10.4 ಮಿಲಿಮೀಟರಿಗೆ, ಅಂದರೆ .303 ಅಂಗುಲದಿಂದ .410 ಅಂಗುಲಕ್ಕೆ ಏರಿತು. ಹತ್ತು ತೋಟಾಗಳನ್ನು ಹಿಡಿಯುತ್ತಿದ್ದ ಪೆಟ್ಟಿಗೆಯೊಳಕ್ಕೆ ಒಂದು ಮರದ ತುಂಡನ್ನು ಸಿಕ್ಕಿಸಿ ಮುಚ್ಚಿದರು. ಇನ್ನು ಸಲಕ್ಕೆ ಒಂದೇ ತೋಟಾ. ಹೀಗೆ ಹುಟ್ಟಿದ ಆಯುಧವು ‘.410 ಮಸ್ಕೆಟ್’ ಎಂಬ ಹೆಸರಿನಿಂದ ಪೊಲೀಸರ ಮತ್ತು ಸೆರೆಮನೆಯ ಕಾವಲುಗಾರರ ಕೈ ಸೇರಿತು.

ಹಳೆಯ ರೈಫಲಿನ ರೂಪ ಬದಲಿಸುವುದು ಈಶಾಪುರದಲ್ಲಿ ಮಾತ್ರ ನಡೆದ ಕೆಲಸವಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯಲ್ಲಿ ಉಳಿದುಹೋಗಿದ್ದ ಮೌಸರ್ ರೈಫಲುಗಳು ‘ಗೇಹಾ’ ಎಂಬ ಹೆಸರಿನ ಅಗ್ಗದ ಬೇಟೆಕೋವಿಗಳಾದುವು. ಅದು ಬರಿಯ ವ್ಯಾಪಾರ. ಅದರಲ್ಲಿ ನಮಗೆ ತಕರಾರಿಲ್ಲ. ನಮ್ಮ ತಕರಾರಿರುವುದು ಪೊಲೀಸರ ಮಸ್ಕೆಟ್ಟಿನ ಸುತ್ತ, ಅದರ ಮುಂದಿನ ಪೀಳಿಗೆಯ ಆಯುಧಗಳ ಸುತ್ತ, ಮತ್ತೆ ಮತ್ತೆ ಕೇಳಿಬರುವ ಒಂದು ಮಾತಿನ ವಿಚಾರದಲ್ಲಿ. ಗುಂಪಿನ ಎದುರು ನಿಲ್ಲುವ ಪೊಲೀಸನಿಗೆ ಯುದ್ಧದ ರೈಫಲು ಕೂಡದು, ನುಣುಪು ನಳಿಗೆಯ ಕೋವಿಯೇ ಸೌಮ್ಯವಾದುದು, ದಯೆಯುಳ್ಳದ್ದು ಎಂಬುದೇ ಆ ಮಾತು. ಇದು ಅರ್ಧ ನಿಜ. ಆ ಅರ್ಧ ಯಾವುದು, ಉಳಿದರ್ಧ ಏಕೆ ಸುಳ್ಳು ಎಂಬುದನ್ನು ಪ್ರೌಢಶಾಲೆಯ ಭೌತಶಾಸ್ತ್ರವನ್ನು ಓದಿದವರೂ ಲೆಕ್ಕಹಾಕಿ ನೋಡಬಹುದು.

ಮೊದಲು ಆ ಗೀರುಗಳ ಕಥೆ. ಲೀ-ಎನ್‌ಫೀಲ್ಡ್ ನಳಿಗೆಯಲ್ಲಿ ಐದು ಗೀರುಗಳು ಎಡಕ್ಕೆ ತಿರುಚಿಕೊಂಡು ಸಾಗುವುವು; ಹತ್ತು ಅಂಗುಲ ಉದ್ದಕ್ಕೆ ಒಂದು ಪೂರ್ಣ ಸುತ್ತು. ಗೀರಿನ ಆಳ ಒಂದು ಮಿಲಿಮೀಟರಿನ ಸುಮಾರು ಆರನೆಯ ಒಂದು ಭಾಗ. ಇಷ್ಟು ತೆಳುವಾದ ಗೀರು ಮಾಡುವ ಕೆಲಸವನ್ನು ನೋಡಿರಿ: ಗುಂಡು ನಳಿಗೆಯ ಬಾಯಿಯಿಂದ ಸೆಕೆಂಡಿಗೆ 744 ಮೀಟರ್ ವೇಗದಲ್ಲಿ ಹೊರಡುವುದು, ಹತ್ತು ಅಂಗುಲವೆಂದರೆ 0.254 ಮೀಟರ್, ಭಾಗಿಸಿದರೆ ಗುಂಡು ಸೆಕೆಂಡಿಗೆ ಸುಮಾರು 2,900 ಸುತ್ತು ತಿರುಗುತ್ತಿರುವುದೆಂದಾಯಿತು. ತರಗತಿಯ ಮೇಲ್ಚಾವಣಿಯ ಫ್ಯಾನು ಸೆಕೆಂಡಿಗೆ ಐದಾರು ಸುತ್ತು ತಿರುಗಿದರೆ ಹೆಚ್ಚು. ಚಾಟಿಯಿಂದ ಬೀಸಿದ ಬುಗುರಿ ತಲೆಯೆತ್ತಿ ನಿಲ್ಲುವಂತೆ, ಈ ಭ್ರಮಣದ ಬಲದಿಂದ ಚೂಪಾದ ಗುಂಡು ತನ್ನ ಮೂತಿಯನ್ನು ಮುಂದೆಮಾಡಿಕೊಂಡೇ ಗಾಳಿಯನ್ನು ಸೀಳುವುದು. ಗೀರಿಲ್ಲದ ನಳಿಗೆಯಿಂದ ಅದೇ ಗುಂಡನ್ನು ಹಾರಿಸಿದರೆ ಅದು ಕೆಲವೇ ಗಜಗಳಲ್ಲಿ ಅಡ್ಡಬಿದ್ದು ಹೊರಳತೊಡಗುವುದು.

ಇದರ ವಿಜ್ಞಾನವನ್ನು ಮೊದಲು ಬಿಡಿಸಿ ಹೇಳಿದವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. ತೂಗುಹಾಕಿದ ಮರದ ಹಲಗೆಗೆ ಗುಂಡು ಹೊಡೆದು, ಹಲಗೆ ಎಷ್ಟು ತೂಗಿತೆಂಬುದರಿಂದ ಗುಂಡಿನ ವೇಗವನ್ನು ಲೆಕ್ಕಹಾಕುವ ಉಪಕರಣವನ್ನು ಅವನು ತನ್ನ 1742ರ ಗ್ರಂಥದಲ್ಲಿ ವರ್ಣಿಸಿದನು. ನಮ್ಮ ಕಾಲೇಜುಗಳ ಪ್ರಯೋಗಶಾಲೆಯಲ್ಲಿರುವ ಬ್ಯಾಲಿಸ್ಟಿಕ್ ಲೋಲಕ ಇದೇ. ಮಹಾಗಣಿತಜ್ಞ ಆಯ್ಲರನು ಆ ಗ್ರಂಥವನ್ನು 1745ರಲ್ಲಿ ಜರ್ಮನ್ ಭಾಷೆಗೆ ತಂದನು. ನುಣುಪು ನಳಿಗೆಯ ಗುಂಡು ಏಕೆ ದಾರಿತಪ್ಪುವುದು ಎಂಬುದನ್ನು ತೋರಿಸಲು ರಾಬಿನ್ಸ್ ಒಂದು ಸೊಗಸಾದ ಪ್ರಯೋಗ ಮಾಡಿದನು. ನಳಿಗೆಯ ತುದಿಯನ್ನು ಸ್ವಲ್ಪ ಎಡಕ್ಕೆ ಬಾಗಿಸಿ, ಮುಂದೆ ಸಾಲಾಗಿ ತೆಳುಗಾಗದದ ತೆರೆಗಳನ್ನು ಕಟ್ಟಿ, ಗುಂಡು ಹಾರಿಸಿದನು. ಗುಂಡು ಮೊದಲು ಎಡಕ್ಕೆ ಹೋಗಿ, ಬಳಿಕ ಗಾಳಿಯಲ್ಲಿಯೇ ಬಲಕ್ಕೆ ಬಾಗಿದುದನ್ನು ತೆರೆಗಳ ತೂತುಗಳು ಹೇಳಿದುವು. ಬಾಗಿದ ಕಡೆಯ ಗೋಡೆಗೆ ಉಜ್ಜಿ ಹೊರಳಿದ ಗುಂಡಿಗೆ ಬಂದ ಅಡ್ಡಾದಿಡ್ಡಿ ಭ್ರಮಣವೇ ಇದಕ್ಕೆ ಕಾರಣ. ಕ್ರಿಕೆಟ್ ಚೆಂಡು ಗಾಳಿಯಲ್ಲಿ ತೇಲಿ ತಿರುಗುವುದನ್ನು ಬಲ್ಲ ವಾಚಕರಿಗೆ ಇದು ಹೊಸತಾಗಿ ತೋರದು. ನುಣುಪು ನಳಿಗೆಯಲ್ಲಿ ಯಾವ ಗುಂಡು ಯಾವ ಕಡೆಗೆ ಉಜ್ಜಿ ಹೊರಬೀಳುವುದೋ ಹೇಳಬಲ್ಲವರಿಲ್ಲ. ಗೀರುಳ್ಳ ನಳಿಗೆಯಲ್ಲಿ ಭ್ರಮಣದ ಅಕ್ಷ ಗೊತ್ತಾದುದು, ಪ್ರತಿಯೊಂದು ಗುಂಡಿಗೂ ಒಂದೇ. ಗೀರುಳ್ಳ ಬಂದೂಕನ್ನು ಸರಿಯಾಗಿ ಅರಿತು ಬಳಸುವ ದೇಶವು ಉಳಿದವುಗಳನ್ನು ಮೀರಿಸುವುದೆಂದು ರಾಬಿನ್ಸ್ ಬರೆದಿಟ್ಟನು. ಬಳಿಕ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಭದ್ರಪಡಿಸುವ ಕೆಲಸಕ್ಕೆ ಭಾರತಕ್ಕೆ ಬಂದು, 1751ರಲ್ಲಿ, ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು.

ಅವನ ಮಾತನ್ನು ಕಂಪನಿಯವರ ಮುಂದಿನ ಪೀಳಿಗೆ ಮರೆತಿರಲಿಲ್ಲವೆಂಬುದಕ್ಕೆ 1857ರ ದಂಗೆಯ ಮರುವರ್ಷ ಸಾಕ್ಷಿ. ಹಂದಿ ಮತ್ತು ದನದ ಕೊಬ್ಬು ಸವರಿದೆಯೆಂದು ಸಿಪಾಯಿಗಳು ಶಂಕಿಸಿದ ತೋಟಾ, 1853ರ ಮಾದರಿಯ ಎನ್‌ಫೀಲ್ಡ್ ರೈಫಲಿನದು. ಅದಕ್ಕೆ ಮೂರು ಗೀರುಗಳು, ಒಳವ್ಯಾಸ .577 ಅಂಗುಲ. ದಂಗೆ ಅಡಗಿದ ಮೇಲೆ ಭಾರತೀಯ ಸಿಪಾಯಿಗಳ ಕೈಗೆ ಬಂದುದು ಅದೇ ಬಂದೂಕಿನ ಗೀರಳಿಸಿದ ರೂಪ: ಒಳವ್ಯಾಸ .656 ಅಂಗುಲ, ನಳಿಗೆ ನುಣುಪು. ನೋಡುವುದಕ್ಕೆ ಗೋರಾ ಸೈನಿಕನ ಬಂದೂಕಿನಂತೆಯೇ ಇದೆ. ನೂರು ಗಜದಾಚೆ ಗುರಿ ನಿಲ್ಲದು. ಆ ಸಲ ದಯೆಯ ಮಾತನ್ನು ಯಾರೂ ಆಡಲಿಲ್ಲ. ನಂಬಿಕೆಯಿಲ್ಲದವನ ಕೈಯಲ್ಲಿ ಒಳ್ಳೆಯ ಆಯುಧ ಇರಬಾರದು, ಅಷ್ಟೆ. ನಳಿಗೆಯೊಳಗಿನ ಸುಮಾರು ಒಂದು ಮಿಲಿಮೀಟರ್ ದಪ್ಪದ ಲೋಹವನ್ನು ಕೆರೆದು ಒಂದು ಸಾಮ್ರಾಜ್ಯವು ತನ್ನ ಅಪನಂಬಿಕೆಯನ್ನು ಉಕ್ಕಿನಲ್ಲಿ ಬರೆಯಿತು. ನಮ್ಮ ಚರಿತ್ರೆಯ ಪಠ್ಯಗಳು ಕೊಬ್ಬಿನ ವಿಚಾರವನ್ನು ತಪ್ಪದೆ ಹೇಳುವುವು. ಈ ಗೀರಿನ ವಿಚಾರವನ್ನೂ ಹೇಳಿದ್ದರೆ ಚೆನ್ನಾಗಿತ್ತು.

ದಯೆಯ ಮಾತು ಬಂದುದು ಐರ್ಲೆಂಡಿನಲ್ಲಿ. 1880ರಿಂದ 1882ರವರೆಗೆ ಅಲ್ಲಿಯ ಮುಖ್ಯ ಕಾರ್ಯದರ್ಶಿಯಾಗಿದ್ದ ಡಬ್ಲ್ಯು. ಇ. ಫಾರ್ಸ್ಟರನು ಕ್ವೇಕರ್ ಮನೆತನದಲ್ಲಿ ಹುಟ್ಟಿದವನು, ಮೃದುಸ್ವಭಾವದವನೆಂದು ಹೆಸರಾದವನು. ಜಮೀನಿನ ಹೋರಾಟ ಕಾವೇರಿದ ಆ ದಿನಗಳಲ್ಲಿ ಪೊಲೀಸರು ಗುಂಡಿಗೆ ಬದಲು ‘ಬಕ್‌ಷಾಟ್’ ಎಂಬ ದಪ್ಪ ಸೀಸದ ಕಾಳುಗಳನ್ನು ಬಳಸುವುದನ್ನು ಅವನು ಸಮರ್ಥಿಸಿದನು: ಅದು ಗುಂಡಿಗಿಂತ ದಯೆಯುಳ್ಳದ್ದಂತೆ. ಐರಿಷ್ ಜನ ಅವನನ್ನು ಸಾಯುವವರೆಗೂ ‘ಬಕ್‌ಷಾಟ್ ಫಾರ್ಸ್ಟರ್’ ಎಂದೇ ಕರೆದರು. ಅವನು ಕಪಟಿಯಾಗಿರಲಿಲ್ಲವೆಂದು ನಮ್ಮ ಎಣಿಕೆ. ಅವನು ಮಾಡದೆ ಬಿಟ್ಟುದು ಲೆಕ್ಕ.

ಆ ಲೆಕ್ಕವನ್ನು ಈಗ ನಾವು ಮಾಡೋಣ. ನಿಜವಾದ ಅರ್ಧವನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ. ಸುಮಾರು 11.3 ಗ್ರಾಂ ತೂಗುವ .303 ಗುಂಡಿನ ಚಲನಶಕ್ತಿ ನಳಿಗೆಯ ಬಾಯಲ್ಲಿ 3,100 ಜೂಲುಗಳಿಗೂ ಹೆಚ್ಚು. ಗುರಿ ತಪ್ಪಿದರೆ ಅದು ಒಂದು ಮೈಲಿಗೂ ಆಚೆ, ಗಲಭೆಯ ಸುದ್ದಿಯೇ ಇಲ್ಲದೆ ಅಂಗಳದಲ್ಲಿ ಕುಳಿತವರನ್ನು ಕೊಲ್ಲಬಲ್ಲುದು. ಸೀಸದ ಕಾಳು ಹಾಗಲ್ಲ. ಗಾಳಿಯ ತಡೆ ವಸ್ತುವಿನ ಎದುರುಕ್ಷೇತ್ರಕ್ಕೆ ತಕ್ಕಂತೆ ಇರುವುದು. ತಡೆಯನ್ನು ಮೀರಿ ಸಾಗುವ ಶಕ್ತಿ ಅದರ ತೂಕಕ್ಕೆ ತಕ್ಕಂತೆ ಇರುವುದು. ಗೋಲದ ವ್ಯಾಸವನ್ನು ಅರ್ಧಕ್ಕಿಳಿಸಿದರೆ ಕ್ಷೇತ್ರ ನಾಲ್ಕನೆಯ ಒಂದು ಭಾಗಕ್ಕೂ ತೂಕ ಎಂಟನೆಯ ಒಂದು ಭಾಗಕ್ಕೂ ಇಳಿಯುವುದು. ಆದುದರಿಂದ ಸಣ್ಣ ಕಾಳು ಬೇಗ ಸೋಲುವುದು. 2.5 ಮಿಲಿಮೀಟರ್ ವ್ಯಾಸದ ಸೀಸದ ಕಾಳಿಗೂ .303 ಗುಂಡಿಗೂ ಹೋಲಿಸಿದರೆ, ಎದುರಿನ ಪ್ರತಿಯೊಂದು ಚದರ ಮಿಲಿಮೀಟರಿನ ಹಿಂದೆ ಇರುವ ತೂಕ ಗುಂಡಿನಲ್ಲಿ ಸುಮಾರು ಹನ್ನೆರಡು ಪಟ್ಟು ಹೆಚ್ಚು. ಅದರ ಚೂಪು ಮೂತಿಯ ಅನುಕೂಲ ಬೇರೆ. ಕಾಳು ಸುಮಾರು ಇನ್ನೂರು ಗಜ ಹೋಗುವಷ್ಟರಲ್ಲಿ ನೆಲ ಸೇರುವುದು. ದೂರದವರಿಗೆ ಇದು ದಯೆಯೇ ಸರಿ. ನಮ್ಮ 1959ರ ಶಸ್ತ್ರಾಸ್ತ್ರ ಕಾಯಿದೆಯು ಆತ್ಮರಕ್ಷಣೆ ಮತ್ತು ಬೇಟೆಗೆ ನುಣುಪು ನಳಿಗೆಯ ಕೋವಿಯನ್ನು ರೈಫಲಿನಿಂದ ಬೇರೆಯಾಗಿ ಕಂಡುದು ಅಕಾರಣವಲ್ಲ. (ಒಂದು ಜಾತಿಯ ಬಂದೂಕನ್ನು ಇನ್ನೊಂದಾಗಿ ಮಾರ್ಪಡಿಸುವುದನ್ನು ಪರವಾನಗಿಯಿಲ್ಲದೆ ಮಾಡುವುದು ಅದೇ ಕಾಯಿದೆಯಂತೆ ಅಪರಾಧ, ಪ್ರಯೋಗಪ್ರಿಯರಾದ ತರುಣ ವಾಚಕರಿಗಾಗಿ ಈ ಮಾತು.)

ಹತ್ತಿರದವರ ಗತಿಯೇನು? ಸಾಧಾರಣವಾದ .410 ತೋಟಾದಲ್ಲಿ ಸುಮಾರು 14 ಗ್ರಾಂ ಸೀಸವಿರುವುದು. ಸೆಕೆಂಡಿಗೆ 350 ಮೀಟರ್ ವೇಗವೆಂದಿಟ್ಟುಕೊಂಡರೆ ಚಲನಶಕ್ತಿ ಸುಮಾರು 850 ಜೂಲ್. ಪೊಲೀಸ್ ಅಧಿಕಾರಿಯ ಸೊಂಟದಲ್ಲಿರುವ 9 ಮಿಲಿಮೀಟರ್ ಪಿಸ್ತೂಲಿನ ಗುಂಡಿಗೆ ಇರುವುದು ಸುಮಾರು 500 ಜೂಲ್ ಮಾತ್ರ. ಇನ್ನು 12 ಬೋರಿನ ದೊಡ್ಡ ಕೋವಿ 28 ಗ್ರಾಂ ಸೀಸವನ್ನು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಎಸೆದರೆ 2,200 ಜೂಲುಗಳಾದುವು. ಯುದ್ಧದ ರೈಫಲಿಗೆ ಮೂರರಲ್ಲಿ ಎರಡು ಪಾಲು. ಪಿಸ್ತೂಲನ್ನು ಸೌಮ್ಯವೆಂದು ಯಾರೂ ಹೇಳರು. ಅದಕ್ಕಿಂತ ಶಕ್ತಿಯುತವಾದುದು ಸೌಮ್ಯವೆನಿಸಿಕೊಂಡಿದೆ.

ಶಕ್ತಿಯೆಲ್ಲ ಕಾಳುಗಳಲ್ಲಿ ಹಂಚಿಹೋಗುವುದಲ್ಲವೇ ಎಂದು ತರಗತಿಯಲ್ಲಿ ಒಬ್ಬರು ಕೇಳಿದರು. ನಾವು ಉತ್ತರ ಹೇಳುವ ಮೊದಲೇ ಮಡಿಕೇರಿಯ ಕಡೆಯಿಂದ ಬಂದಿದ್ದ ಹುಡುಗನೊಬ್ಬನು ಎದ್ದು ನಿಂತನು. ಕೊಡವರ ಮನೆಗಳಲ್ಲಿ ಕೋವಿ ಅಪರೂಪದ ವಸ್ತುವಲ್ಲ. “ನಮ್ಮ ಅಜ್ಜ ತೋಟದಲ್ಲಿ ತೋರಿಸಿದ್ದರು ಸಾರ್. ಕಡಿಯಬೇಕಾಗಿದ್ದ ಬಾಳೆಗೆ ಒಂದು ಮಾರು ದೂರದಿಂದ ಹೊಡೆದರೆ ಕಾಳು ಬಿಚ್ಚುವುದೇ ಇಲ್ಲ, ಮುಷ್ಟಿ ಹೋಗುವಂಥ ಒಂದೇ ತೂತು. ಇಪ್ಪತ್ತು ಮಾರಿನಿಂದ ಹೊಡೆದರೆ ಮೈಲಿ ಎದ್ದ ಹಾಗೆ ಮೈಯೆಲ್ಲ ಚುಕ್ಕಿ” ಎಂದನು. ಇದಕ್ಕಿಂತ ಸ್ಪಷ್ಟವಾಗಿ ನಾವು ಹೇಳಲಾರೆವು. ಹಂಚಿಕೆ ದೂರದ ಫಲ. ಇಕ್ಕಟ್ಟಾದ ಬೀದಿಯಲ್ಲಿ ದೂರವೇ ಇರುವುದಿಲ್ಲ.

ಹಂಚಿದ ಮೇಲಾದರೂ ನಿರಪಾಯವೇ? 2.2 ಮಿಲಿಮೀಟರ್ ವ್ಯಾಸದ ಒಂದೊಂದು ಕಾಳಿಗೆ ಹೊರಟಾಗ ಸುಮಾರು 4 ಜೂಲ್ ಶಕ್ತಿ. ನೂರು ಗ್ರಾಂ ತೂಕದ ಎಳೆಯ ಮಾವಿನಕಾಯಿ ನಾಲ್ಕು ಮೀಟರ್ ಎತ್ತರದ ಕೊಂಬೆಯಿಂದ ತಲೆಯ ಮೇಲೆ ಬಿದ್ದರೆ ಬರುವುದೂ ಅಷ್ಟೇ ಶಕ್ತಿ. ತಲೆ ಸವರಿಕೊಂಡು ಮುಂದೆ ಹೋಗಬಹುದು. ಕಾಳಾದರೋ ಅದೇ ಶಕ್ತಿಯನ್ನು ನಾಲ್ಕು ಚದರ ಮಿಲಿಮೀಟರಿಗೂ ಕಡಿಮೆ ಜಾಗದಲ್ಲಿ ಇಳಿಸುವುದು. ಬಟ್ಟೆಯ ಮೇಲೆ, ದಪ್ಪ ಚರ್ಮದ ಮೇಲೆ ಅದು ಗಾಯ. ಕಣ್ಣಿನ ಮೇಲೆ ಅದು ಕತ್ತಲೆ. 2016ರ ಜುಲೈನಿಂದ ಕಾಶ್ಮೀರದಲ್ಲಿ ನಡೆದ ಗಲಭೆಗಳಲ್ಲಿ ಪಡೆಗಳು ಬಳಸಿದ 12 ಬೋರಿನ ಪೆಲೆಟ್ ಕೋವಿಗಳು ಇದನ್ನು ಜಗತ್ತಿಗೆಲ್ಲ ತೋರಿಸಿದುವು. ಅವುಗಳನ್ನು ಆರಿಸಿಕೊಂಡುದೂ ಗುಂಡಿಗಿಂತ ಕಡಿಮೆ ಮಾರಕವೆಂಬ ಕಾರಣದಿಂದಲೇ. ನೂರಾರು ಮಂದಿ ಕಣ್ಣಿಗೆ ಪೆಟ್ಟಾಗಿ ಆಸ್ಪತ್ರೆ ಸೇರಿದರು. ಅವರಲ್ಲಿ ಮಕ್ಕಳೂ ಇದ್ದರು. ಅದೇ ವರ್ಷ ಕೇಂದ್ರ ಗೃಹ ಸಚಿವಾಲಯದ ಸಮಿತಿಯೊಂದು ಮೆಣಸಿನ ಖಾರದ ಜಾತಿಯ ‘ಪಾವಾ’ ಎಂಬ ರಾಸಾಯನಿಕದ ಶೆಲ್ಲುಗಳನ್ನು ಬದಲಿಗೆ ಸೂಚಿಸಿತು.

ಆದರೆ ಈ ಲೆಕ್ಕಗಳಿಗಿಂತ ನಮ್ಮನ್ನು ಹೆಚ್ಚು ಕಾಡುವ ವಿಷಯ ಚದರುವಿಕೆ. ನುಣುಪಾದ, ತುದಿ ಬಿಗಿಯದ ನಳಿಗೆಯಿಂದ ಹೊರಟ ಕಾಳುಗಳು ಮೂವತ್ತು ಗಜ ದೂರದಲ್ಲಿ ಸುಮಾರು ಒಂದು ಮೀಟರ್ ಅಗಲಕ್ಕೆ ಹರಡಿಕೊಳ್ಳುವುವು. ಗುಂಪು ನಿಂತಿರುವಾಗ ಒಂದು ಮೀಟರ್ ಅಗಲದಲ್ಲಿ ಎಷ್ಟು ಜನ? ಇಬ್ಬರು ಅಥವಾ ಮೂವರು, ಅವರ ಹಿಂದೆ ಇಣುಕುವವರು ಬೇರೆ. ಕಲ್ಲೆಸೆದವನ ಕಡೆಗೆ ನಳಿಗೆ ತಿರುಗಿರಬಹುದು. ಕಾಳು ತಗಲುವುದು ಅವನಿಗೋ, ಪಕ್ಕದಲ್ಲಿ ಹಾಲಿನ ತಂಬಿಗೆ ಹಿಡಿದು ಓಡುತ್ತಿರುವವಳಿಗೋ, ಯಾರೂ ಹೇಳಲಾರರು. ಹಾರಿಸಿದವನೂ ಹೇಳಲಾರನು. ಕಾಲಿಗೆ ಗುರಿಯಿಟ್ಟೆನೆಂದು ಅವನು ಪ್ರಾಮಾಣಿಕವಾಗಿಯೇ ಹೇಳಬಹುದು; ಮೇಲಿನ ಅಂಚಿನ ಕಾಳು ಎಲ್ಲಿಗೆ ಹೋಯಿತೆಂಬುದು ಅವನ ಕೈಯಲ್ಲಿಲ್ಲ.

ಹಾಗಾದರೆ ಗುರಿಯಿರುವ ರೈಫಲೇ ಮೇಲೆಂದು ನಾವು ವಾದಿಸುತ್ತಿರುವೆವೇ? ಇಲ್ಲ. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗಿನಲ್ಲಿ ಸಿಡಿದುವು .303 ರೈಫಲುಗಳೇ. ಹತ್ತು ನಿಮಿಷದಲ್ಲಿ 1,650 ಗುಂಡುಗಳು. ಸರಕಾರಿ ಲೆಕ್ಕದಂತೆಯೇ ಸತ್ತವರು 379. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಹಂಟರ್ ಸಮಿತಿಯ ಮುಂದೆ ಜನರಲ್ ಡಯರನು ಜನ ದಟ್ಟವಾಗಿದ್ದ ಕಡೆಗೆ ಗುಂಡು ಹಾರಿಸಲು ಹೇಳಿದುದನ್ನು ಒಪ್ಪಿಕೊಳ್ಳಬೇಕಾಯಿತು. ಎತ್ತ ಗುರಿಯಿಟ್ಟೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿತ್ತು, ಆ ಉತ್ತರ ಇಂದಿಗೂ ಅವನ ಮೇಲೆ ಕುಳಿತಿದೆ. ಚದರುವ ಕೋವಿಯನ್ನು ಹಿಡಿದವನಿಗೆ ಆ ಪ್ರಶ್ನೆಯನ್ನು ಕೇಳುವುದೇ ವ್ಯರ್ಥ. ಗೀರು ಅಳಿಸಿದಾಗ ನಳಿಗೆಯಿಂದ ಹೊರಟುಹೋದುದು ಗುರಿ ಮಾತ್ರವಲ್ಲ, ಹೊಣೆಯೂ ಹೌದು.

ಜನರೆದುರು ಯಾವ ಆಯುಧವನ್ನೂ ಹಿಡಿಯಕೂಡದೆಂದು ಹೇಳುವಷ್ಟು ಸರಳರು ನಾವಲ್ಲ. ಕಲ್ಲಿನ ಮಳೆಯಲ್ಲಿ ನಿಂತ ಕಾನ್‌ಸ್ಟೇಬಲನೂ ಒಂದು ಮನೆಯ ಮಗನೇ. ನಾವು ಕೇಳುವುದು ಒಂದು ಕೋಷ್ಟಕವನ್ನು. ಯಾವುದೇ ಆಯುಧವನ್ನು ‘ಕಡಿಮೆ ಮಾರಕ’ವೆಂದು ಪೊಲೀಸರ ಕೈಗೆ ಕೊಡುವ ಮುನ್ನ, ಐದು, ಹತ್ತು, ಇಪ್ಪತ್ತು, ಐವತ್ತು ಮೀಟರುಗಳಲ್ಲಿ ಅದರ ಕಾಳಿಗೋ ಗುಂಡಿಗೋ ಎಷ್ಟು ಜೂಲ್ ಶಕ್ತಿ, ಅದು ಎಷ್ಟು ಚದರ ಮಿಲಿಮೀಟರಿನ ಮೇಲೆ ಇಳಿಯುವುದು, ಎಷ್ಟು ಅಗಲಕ್ಕೆ ಹರಡುವುದು ಎಂಬುದನ್ನು ಅಳೆದು ಪ್ರಕಟಿಸಬೇಕು. ಅಳೆಯುವವರು ಮಾರುವವರೂ ಆಗಿರಬಾರದು, ಬಳಸುವವರೂ ಆಗಿರಬಾರದು. ವಿಶ್ವವಿದ್ಯಾನಿಲಯದ ಪ್ರಯೋಗಶಾಲೆ ಆ ಕೆಲಸ ಮಾಡಬಹುದು. ಎಷ್ಟು ಹತ್ತಿರದಿಂದ ಹಾರಿಸಕೂಡದೆಂಬ ಅಂಕಿಯೂ ಆ ಕೋಷ್ಟಕದಿಂದಲೇ ಹುಟ್ಟಬೇಕು. ಔಷಧದ ಸೀಸೆಯ ಮೇಲೆ ಪ್ರಮಾಣವನ್ನು ಅಚ್ಚುಹಾಕದೆ ಮಾರಲು ಬಿಡುವೆವೇ? ಅಳೆಯುವ ಉಪಾಯವೇನೂ ದುಬಾರಿಯಲ್ಲ. ರಾಬಿನ್ಸನ ಕೈಯಲ್ಲಿದ್ದುದು ತೂಗುವ ಹಲಗೆ ಮತ್ತು ತೆಳುಗಾಗದದ ತೆರೆ.

ವಿದ್ಯಾರ್ಥಿಗಳಲ್ಲಿ ನಮ್ಮ ಬೇಡಿಕೆ ಇನ್ನೂ ಚಿಕ್ಕದು. ಮುಂದೆ ಯಾವಾಗಲಾದರೂ ಪತ್ರಿಕೆಯಲ್ಲಿ ಒಂದು ಹೊಸ ಸೌಮ್ಯ ಆಯುಧದ ವರ್ಣನೆಯನ್ನು ಓದಿದಾಗ “ಎಷ್ಟು ದೂರದಲ್ಲಿ?” ಎಂದು ಕೇಳಿರಿ. ಕೊಡಗಿನ ಹುಡುಗನು ಅದನ್ನು ಬಾಳೆಯ ತೋಟದಲ್ಲಿ ಕಲಿತಿದ್ದನು.

ಕೊನೆಗೆ ಒಂದು ಕೋರಿಕೆ ಉಳಿದಿದೆ. ಹಳೆಯ ರೈಫಲುಗಳ ಕಾಲ ಮುಗಿಯುತ್ತ ಬಂದಿದೆ. 2020ರ ಗಣರಾಜ್ಯ ದಿನದಂದು ಉತ್ತರ ಪ್ರದೇಶದ ಪೊಲೀಸರು.303 ರೈಫಲಿಗೆ ವಿದಾಯ ಹೇಳಿದರು. ಕೈಬಿಟ್ಟ ಆಯುಧಗಳು ಕುಲುಮೆ ಸೇರುವುದು ಸಹಜವೇ. ಅವು ಸೇರುವ ಮುನ್ನ ಎರಡು ನಳಿಗೆಗಳನ್ನು, ಗೀರುಳ್ಳ .303 ಒಂದು, ಗೀರಳಿಸಿದ .410 ಒಂದು, ಉದ್ದಕ್ಕೆ ಸೀಳಿ, ಇನ್ನೆಂದೂ ಗುಂಡು ಹಾರದಂತೆ ಮಾಡಿ, ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಂತಹ ಕಡೆಗಳಲ್ಲಿ ಅಕ್ಕಪಕ್ಕದಲ್ಲಿ ಇಡಬಾರದೇ? ಬುಗುರಿಯ ತತ್ತ್ವವನ್ನೂ 1858ರ ಚರಿತ್ರೆಯನ್ನೂ ಒಂದೇ ನೋಟದಲ್ಲಿ ತೋರಿಸುವ ವಸ್ತು ಬೇರೆ ಸಿಕ್ಕುವುದು ಕಷ್ಟ. ಅಲ್ಲಿ ಸ್ಥಳವಿಲ್ಲವೆಂದರೆ, ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿ, ಬ್ಯಾಲಿಸ್ಟಿಕ್ ಲೋಲಕದ ಪಕ್ಕದಲ್ಲಿ, ಎರಡು ಮೊಳ ಜಾಗ ಈಗಲೇ ಖಾಲಿಯಿದೆ.